ಗಡಿಯಲ್ಲಿ ಇಲ್ಲದ ಅಕ್ಕನ ಮಗ

ದುಬೈಯ ಅಲ್ ಕೂಜ್‌ನ ಒಂದು ಗ್ಯಾರೇಜಿನಲ್ಲಿ ನಾನು ಹದಿನಾಲ್ಕು ವರ್ಷ ಕಾರುಗಳಿಗೆ ಬಣ್ಣ ಹೊಡೆದವನು. ಓದಿದ್ದು ಏಳನೇ ಕ್ಲಾಸಿನ ಅರ್ಧ. ಆದರೆ ನಾನು ಬಣ್ಣ ಹೊಡೆದ ಬಾಗಿಲನ್ನೂ ಕಾರಿನ ಜೊತೆಗೇ ಬಂದ ಬಾಗಿಲನ್ನೂ ನೋಡಿ ಯಾವುದು ಯಾವುದೆಂದು ಹೇಳಲು ಕಾರಿನ ಮಾಲೀಕನಿಗೂ ಆಗುತ್ತಿರಲಿಲ್ಲ. ಇದು ಜಂಬ ಎಂದರೆ ಜಂಬವೇ.

ಪೇಂಟರ್ ಎಷ್ಟೇ ಕೈ ಪಳಗಿದವನಾದರೂ ಅವನ ಮರ್ಯಾದೆ ಇರುವುದು ಡೆಂಟರನ ಕೈಯಲ್ಲಿ. ಗುದ್ದಿ ನುಗ್ಗಾದ ತಗಡನ್ನು ಬಡಿದು ಸಮ ಮಾಡುವವನು ಅವನು. ಅವನು ಅರ್ಧಂಬರ್ಧ ಬಿಟ್ಟರೆ ನಾನು ಪುಟ್ಟಿ ಮೆತ್ತಿ ಮುಚ್ಚಬೇಕು, ಮುಂದಿನ ಬೇಸಿಗೆಯಲ್ಲಿ ಅದು ಬಿರುಕು ಬಿಟ್ಟರೆ ಬೈಗುಳ ನನಗೆ. ನಮ್ಮ ಡೆಂಟರ್ ಪಾಕಿಸ್ತಾನದವನು, ನನಗಿಂತ ಐದಾರು ವರ್ಷ ದೊಡ್ಡವನು. ಎಲ್ಲರೂ ಅವನನ್ನು ಉಸ್ತಾದ್ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಅವನಿಗೆ ನಾನು ಪೇಂಟರ್ ಭಾಯಿ. ಅವನು ಬಡಿದು ಕೊಟ್ಟ ತಗಡಿನ ಮೇಲೆ ನಾನು ಕಣ್ಣು ಮುಚ್ಚಿ ಅಂಗೈ ಆಡಿಸುತ್ತಿದ್ದೆ; ಎಲ್ಲಾದರೂ ತಗ್ಗು ಸಿಕ್ಕಿದರೆ ಚಾಕ್‌ನಿಂದ ಸುತ್ತು ಹಾಕುತ್ತಿದ್ದೆ. ಅವನು ಮಾತಾಡದೆ ಮತ್ತೆ ಸುತ್ತಿಗೆ ಎತ್ತುತ್ತಿದ್ದ. ಹೀಗೆ ಒಂಬತ್ತು ವರ್ಷ. ನಮ್ಮ ಮಾತೆಲ್ಲ ಹಿಂದಿಯಲ್ಲಿ. ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅವನ ಹಳ್ಳಿ ಕಾಶ್ಮೀರದ ಆಚೆ ಬದಿಯಲ್ಲಿ, ಗಡಿ ರೇಖೆಗೆ ತಾಗಿಕೊಂಡೇ ಇತ್ತು. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಒಂದು ಎಮ್ಮೆ, ಕಲ್ಲಿನ ಮನೆ.

"ನಮ್ಮ ಮನೆ ಮೇಲೆ ಹತ್ತಿ ನಿಂತ್ರೆ ನಿನ್ನ ದೇಶ ಕಾಣ್ತದೆ," ಎಂದು ಅವನು ತಮಾಷೆ ಮಾಡುತ್ತಿದ್ದ. "ನೀನು ನಿನ್ನ ದೇಶದ ಆ ಭಾಗ ನೋಡಿದ್ದುಂಟಾ?"

ನಾನು ಮುಂಬಯಿಯಿಂದ ಉತ್ತರಕ್ಕೆ ಹೋದವನೇ ಅಲ್ಲ. ಮುಂಬಯಿಗೆ ಹೋದದ್ದೂ ವಿಮಾನ ಹತ್ತಲಿಕ್ಕೆ. "ಎಂತಕ್ಕೆ ನೋಡ್ಬೇಕು? ನೀನು ಕಾಯ್ತಾ ಇದ್ದೀಯಲ್ಲ," ಎನ್ನುತ್ತಿದ್ದೆ. ಇಬ್ಬರೂ ನಗುತ್ತಿದ್ದೆವು.

೨೦೧೯ರ ಫೆಬ್ರುವರಿಯಲ್ಲಿ ಕಾಶ್ಮೀರದ ಹೆದ್ದಾರಿಯಲ್ಲಿ ನಮ್ಮ ಜವಾನರ ಬಸ್ಸಿಗೆ ಬಾಂಬು ತುಂಬಿದ ಕಾರು ನುಗ್ಗಿಸಿದರು. ಸತ್ತವರಲ್ಲಿ ನಮ್ಮ ರಾಜ್ಯದವನೂ ಒಬ್ಬನಿದ್ದ. ಆ ವಾರ ನಮ್ಮ ರೂಮಿನಲ್ಲಿ ಯಾರಿಗೂ ಊಟ ಸೇರಲಿಲ್ಲ. ಮಾಡಿದವರು ಗಡಿಯಾಚೆ ಕೂತ ಗುಂಪಿನವರು, ತಾವೇ ಮಾಡಿದ್ದೆಂದು ಹೇಳಿಯೂ ಕೊಂಡಿದ್ದರು. ಹೋಗಿ ಹೊಡೆಯಬೇಕು ಎನ್ನುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

ಗ್ಯಾರೇಜಿನ ಎದುರು ಒಂದು ಕಫ್ತೇರಿಯಾ, ಅಂದರೆ ಸಣ್ಣ ಚಹಾ ಹೋಟೆಲು, ಇತ್ತು. ಅದರ ಯಜಮಾನರು ನಮ್ಮ ಉಪ್ಪಿನಂಗಡಿ ಕಡೆಯ ಬ್ಯಾರಿ, ನಮಗೆಲ್ಲ ಕಾಕ. ಅಲ್ಲಿ ಚಹಾ ಕುಡಿಯುವಾಗ ಪಕ್ಕದ ಗ್ಯಾರೇಜಿನ ಲಾಹೋರಿನ ಮೆಕ್ಯಾನಿಕ್ ಒಬ್ಬ ನನ್ನನ್ನು ಕೆಣಕಿದ.

"ನಿಮ್ಮವರು ಟೀವಿಯಲ್ಲಿ ಮಾತ್ರ ಯುದ್ಧ ಮಾಡುವುದು, ಪೇಂಟರ್. ನಿಮ್ಮ ಮನೆಯಿಂದ ಯಾರಾದರೂ ಹೋಗಿದ್ದಾರಾ?"

ಆಗ ನಾನು ಆ ಮಾತು ಹೇಳಿದೆ. "ನನ್ನ ಅಕ್ಕನ ಮಗ ಅಲ್ಲೇ ಇದ್ದಾನೆ. ಗಡಿಯಲ್ಲಿ, ಫಿರಂಗಿ ಹತ್ತಿರ. ನಿಮಗೆ ತೋರಿಸ್ತಾನೆ ಅವನು."

ಅಕ್ಕನ ಮಗ ಸೈನ್ಯದಲ್ಲಿ ಇರುವುದು ನಿಜ. ಆದರೆ ಇರುವುದು ಪುಣೆ ಕಡೆಯ ಒಂದು ಡಿಪೋದಲ್ಲಿ, ಲಾರಿ ಡ್ರೈವರ್. ಅಕ್ಕಿ, ಬೇಳೆ, ಆಲೂಗಡ್ಡೆ ಸಾಗಿಸುತ್ತಾನೆ. ನಮ್ಮ ಮನೆತನದಲ್ಲಿ ಸಮವಸ್ತ್ರ ಹಾಕಿದ ಮೊದಲನೆಯವನು. ಅವನ ಬಗ್ಗೆ ಹೇಳುವಾಗ ಲಾರಿಯ ಸುದ್ದಿ ನನ್ನ ಬಾಯಿಗೆ ಸುಲಭವಾಗಿ ಬರುತ್ತಿರಲಿಲ್ಲ. ಪಕ್ಕದ ಬೆಂಚಿನಲ್ಲಿ ಕೂತಿದ್ದ ಉಸ್ತಾದನೂ ಅದನ್ನು ಕೇಳಿಸಿಕೊಂಡ.

ಕಾಕ ಲೋಟ ತೊಳೆಯುತ್ತಾ ಕನ್ನಡದಲ್ಲಿ ಹೇಳಿದರು: "ಎಂತ ಮಾರಾಯ್ರೆ, ಕಳೆದ ವರ್ಷ ನಿಮ್ಮ ಅಕ್ಕನ ಮಗ ಲಾರಿ ಬಿಡುವುದು ಅಂತ ಹೇಳಿದ ಹಾಗಿತ್ತು?"

"ಪ್ರಮೋಷನ್ ಆಯ್ತು ಕಾಕ," ಎಂದೆ.

ಆ ದಾಳಿಯಾಗಿ ಹತ್ತು ಹನ್ನೆರಡು ದಿನದ ಮೇಲೆ ನಮ್ಮ ವಿಮಾನಗಳು ಗಡಿ ದಾಟಿ ಹೋಗಿ ಆ ಗುಂಪಿನವರ ಶಿಬಿರದ ಮೇಲೆ ಬಾಂಬು ಹಾಕಿ ಬಂದವೆಂದು ಸುದ್ದಿ ಬಂತು. ನನಗೆ ಎದೆ ಉಬ್ಬಿತು. ಅದನ್ನು ಮುಚ್ಚಿಟ್ಟುಕೊಳ್ಳುವ ಬುದ್ಧಿಯೂ ಇರಲಿಲ್ಲ. ಬೆಳಿಗ್ಗೆ ಉಸ್ತಾದ್ ಒಂದು ಬಾನೆಟ್ ಬಡಿಯುತ್ತಿದ್ದ. ಸುತ್ತಿಗೆ ಕೆಳಗಿಟ್ಟು ಅವನೇ ಮಾತು ತೆಗೆದ.

"ಅವರು ಸತ್ತಿದ್ರೆ ನನಗೆ ದುಃಖ ಇಲ್ಲ, ಪೇಂಟರ್ ಭಾಯಿ. ನಮ್ಮೂರಿಗೂ ಬರ್ತಿದ್ರು ಅವರು. ಬಾಗಿಲು ಬಡಿದು ರೊಟ್ಟಿ ಕೇಳ್ತಿದ್ರು."

"ನೀವು ಕೊಡ್ತಿದ್ರಾ?"

"ಕೊಡ್ತಿದ್ವಿ."

"ಹಾಗಾದ್ರೆ ನಿನ್ನ ಮನೆ ರೊಟ್ಟಿ ತಿಂದವನೇ ನಮ್ಮವರನ್ನ ಕೊಂದಿರ್ಬಹುದು."

"ಇರ್ಬಹುದು," ಎಂದ. "ಬಂದೂಕು ಹಿಡ್ಕೊಂಡವನಿಗೆ ಹಿಟ್ಟು ಇಲ್ಲ ಅಂತ ನೀನೊಮ್ಮೆ ಹೇಳಿ ನೋಡು."

"ಪೊಲೀಸರಿಗೆ ಹೇಳ್ಬಹುದಿತ್ತು."

"ಯಾವ ಪೊಲೀಸರು?" ಎಂದು ನಕ್ಕ. "ನೀವು ಅವರನ್ನ ಹೊಡೀರಿ. ಆದ್ರೆ ಅವರಿರೋದು ಬೆಟ್ಟದ ಹಿಂದೆ, ದೂರ. ಅದರ ಜವಾಬು ಎಲ್ಲಿಗೆ ಬರ್ತದೆ ಗೊತ್ತುಂಟಾ? ನನ್ನ ಅಂಗಳಕ್ಕೆ."

ಕೊಂದವರು ಸುಮ್ಮನೆ ಕೂತಿರುವಾಗ ಸತ್ತವರ ದೇಶವೂ ಸುಮ್ಮನೆ ಕೂರಬೇಕಾ ಎಂದು ನಾನು ಕೇಳಿದೆ. ಅವನು ಸುತ್ತಿಗೆ ಎತ್ತಿಕೊಂಡ, ನಾನು ಬಣ್ಣ ಹೊಡೆಯುವ ಬೂತಿನ ಒಳಗೆ ಹೋದೆ.

ಮರುದಿನ ಅವರ ವಿಮಾನಗಳು ನಮ್ಮ ಕಡೆ ಬಂದವು, ನಮ್ಮ ಒಂದು ವಿಮಾನ ಬಿತ್ತು, ನಮ್ಮ ಪೈಲಟ್ ಅವರ ಕೈಗೆ ಸಿಕ್ಕ. ಪಕ್ಕದ ಗ್ಯಾರೇಜಿನ ಪಾಕಿಸ್ತಾನದವರು ಕಫ್ತೇರಿಯಾದಲ್ಲಿ ಎಲ್ಲರಿಗೂ ಚಹಾ ಕೊಡಿಸಿದರು. ಉಸ್ತಾದ್ ಅವರ ಜೊತೆ ನಿಂತು ಮೊಬೈಲ್ ನೋಡುತ್ತಿದ್ದ, ಮುಖದಲ್ಲಿ ನಗು ಇತ್ತು. ನಾನು ಅದನ್ನು ನೋಡಿದ್ದು ಅವನ ಕಣ್ಣಿಗೂ ಬಿತ್ತು. ಎರಡು ದಿನ ನಾವು ಮಾತಾಡಲಿಲ್ಲ. ಅವನ ತಗಡಿನ ಮೇಲೆ ಬೇಕಾದದ್ದಕ್ಕಿಂತ ಚಾಕ್‌ನ ನಾಲ್ಕು ಸುತ್ತು ಹೆಚ್ಚೇ ಹಾಕಿದೆ.

ಅಷ್ಟರಲ್ಲಿ ಗಡಿ ರೇಖೆಯ ಉದ್ದಕ್ಕೂ ಎರಡೂ ಕಡೆಯಿಂದ ಶೆಲ್ಲು ಬೀಳಲು ಶುರುವಾಗಿತ್ತು. ನಮ್ಮ ಕಡೆಯ ಹಳ್ಳಿಗಳಲ್ಲೂ ಜನ ಸಾಯುತ್ತಿದ್ದರು, ಟೀವಿಯಲ್ಲಿ ನೋಡುತ್ತಿದ್ದೆವು. ಅವನ ಮನೆಗೆ ಫೋನ್ ಸಿಗುವುದು ದಿನಕ್ಕೆ ಒಂದೋ ಎರಡೋ ಸಲ. ಪಾಕಿಸ್ತಾನಕ್ಕೆ ವಿಮಾನ ಸಂಚಾರ ಪೂರ್ತಿ ನಿಂತಿತ್ತು. ಅವನು ಟಿಕೆಟ್ ಅಂಗಡಿಗೆ ಹೋದದ್ದು, ವಾಪಸ್ ಬಂದದ್ದು, ಮತ್ತೆ ಹೋದದ್ದು ಎಲ್ಲ ನನಗೆ ಕಾಣುತ್ತಿತ್ತು.

ಮೂರನೇ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಅವನು ನಾನಿದ್ದಲ್ಲಿಗೆ ಬಂದ. ಬಾಗಿಲಿನ ಹತ್ತಿರ ಡಬ್ಬದ ಮೇಲೆ ಕೂತ. ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಅವನು ಹಾಗೆ ಟೋಪಿ ತೆಗೆದು ಕೂತದ್ದನ್ನು ನಾನು ನೋಡಿರಲಿಲ್ಲ.

"ಪೇಂಟರ್ ಭಾಯಿ, ಒಂದು ಕೆಲಸ ಆಗ್ಬೇಕಿತ್ತು. ಇಲ್ಲ ಅನ್ಬೇಡ."

"ಹೇಳು."

"ನಿನ್ನ ಅಕ್ಕನ ಮಗ ಅಲ್ಲಿದ್ದಾನಲ್ಲ. ಅವನಿಗೆ ಒಂದು ಫೋನ್ ಮಾಡು. ಗುಟ್ಟು ಎಂತದೂ ಕೇಳ್ಬೇಡ. ನಮ್ಮ ಹಳ್ಳಿ ಕಡೆ ಇವತ್ತೂ ಶೆಲ್ಲು ಹಾಕ್ತಾರಾ, ಇಷ್ಟೇ. ಕೆಳಗೆ ನೀರಿನ ತೋಡಿನ ಹತ್ತಿರ ಸಂಬಂಧಿಕರ ಮನೆ ಉಂಟು. ಅಲ್ಲಿಗೆ ಹೋಗಿ ಅಂತ ಹೇಳ್ಲಾ, ಕಲ್ಲಿನ ಮನೆ ಗಟ್ಟಿ ಉಂಟು, ಒಳಗೇ ಇರಿ ಅಂತ ಹೇಳ್ಲಾ? ದಾರಿ ಪೂರಾ ನಿಮ್ಮ ಸೈನ್ಯದ ಚೌಕಿಗೆ ಕಾಣ್ತದೆ. ಹೋಗುವಾಗ ಬಿದ್ರೆ? ಹೆಂಡತಿ ಕೇಳ್ತಾ ಇದ್ದಾಳೆ. ನಾನು ಇಲ್ಲಿ ಕೂತು ಎಂತ ಹೇಳ್ಲಿ ಅವಳಿಗೆ?"

ಆ ಕ್ಷಣವೇ ನಾನು ನಿಜ ಹೇಳಬೇಕಿತ್ತು. ಹೇಳಲಿಲ್ಲ. "ನೋಡ್ತೇನೆ," ಎಂದು ಫೋನ್ ಹಿಡಿದು ಗ್ಯಾರೇಜಿನ ಹಿಂದೆ ಹೋದೆ. ನಾಚಿಕೆಯೂ ಇತ್ತು, ಏನಾದರೂ ಒಂದು ಗೊತ್ತಾದೀತು ಎಂಬ ಪೆದ್ದು ಆಸೆಯೂ ಇತ್ತು. ಸೈನ್ಯದವನಲ್ಲವಾ, ಯಾರನ್ನಾದರೂ ಕೇಳಿಯಾನು.

ಅಕ್ಕನ ಮಗ ಫೋನ್ ಎತ್ತಿದ. ನಾನು ಅರ್ಧ ಹೇಳುವಷ್ಟರಲ್ಲಿ ಅವನ ಸ್ವರ ಸಣ್ಣದಾಯಿತು.

"ಮಾವ, ನಿಮಗೆ ತಲೆ ಸರಿ ಉಂಟಾ? ನಾನಿಲ್ಲಿ ಈರುಳ್ಳಿ ಲೋಡು ಮಾಡಿಸ್ತಾ ಇದ್ದೇನೆ. ನನಗೆ ಎಂತ ಗೊತ್ತುಂಟು? ದುಬೈಯಿಂದ ಫೋನ್ ಮಾಡಿ ಅವರ ದೇಶದವನಿಗೋಸ್ಕರ ಇದನ್ನೆಲ್ಲ ಕೇಳೋದಾ? ನನ್ನ ನೌಕರಿ ಮಾತ್ರ ಅಲ್ಲ, ನನ್ನನ್ನೇ ಒಳಗೆ ಹಾಕ್ತಾರೆ."

"ಅವನಿಗೆ ಮಕ್ಕಳಿದ್ದಾರೆ, ಮಗ."

"ಇಡಿ ಮಾವ, ಫೋನ್ ಇಡಿ. ಇನ್ನು ಇದಕ್ಕಾಗಿ ಮಾಡ್ಬೇಡಿ."

ವಾಪಸ್ ಬಂದಾಗ ಉಸ್ತಾದ್ ಎದ್ದು ನಿಂತಿದ್ದ. ಈ ಸಲ ನಾನು ನಿಜವನ್ನೇ ಹೇಳಿದೆ. ಅಕ್ಕನ ಮಗ ಗಡಿಯಲ್ಲಿಲ್ಲ, ಯಾವತ್ತೂ ಇರಲಿಲ್ಲ, ಲಾರಿ ಡ್ರೈವರ್, ಅವನಿಗೆ ಏನೂ ಗೊತ್ತಿಲ್ಲ, ಆ ದಿನ ಕಫ್ತೇರಿಯಾದಲ್ಲಿ ನಾನು ಹೇಳಿದ್ದು ಶುದ್ಧ ಸುಳ್ಳು.

ಉಸ್ತಾದ್ ನನ್ನ ಮುಖವನ್ನೇ ನೋಡಿದ. ಅವನು ಕಂಡದ್ದನ್ನು ಯೋಚಿಸಿದರೆ ಅವನು ನಂಬದಿದ್ದದ್ದು ತಪ್ಪಲ್ಲ. ಗಡಿಯಲ್ಲಿ ನೆಂಟನಿದ್ದಾನೆ ಎಂದವನು, ಫೋನ್ ಮಾಡಲು ಮರೆಗೆ ಹೋದವನು, ಐದು ನಿಮಿಷ ಮಾತಾಡಿದವನು, ಬಂದು ಯಾರೂ ಇಲ್ಲ ಎನ್ನುತ್ತಿದ್ದೇನೆ.

"ಅವನು ಹೇಳ್ಬೇಡ ಅಂದ್ನಾ?" ಎಂದ.

"ಇಲ್ಲ ಉಸ್ತಾದ್. ನನ್ನ ತಾಯಿ ಆಣೆ, ಅವನು ಈರುಳ್ಳಿ ಸಾಗಿಸ್ತಾನೆ."

"ಆಯ್ತು ಬಿಡು. ನಿನ್ನ ಮಾತೃಭೂಮಿ ಅದು. ನನ್ನ ತಮ್ಮ ಫೌಜಿನಲ್ಲಿದ್ದು ನೀನು ಕೇಳಿದ್ದಿದ್ರೆ ನಾನೂ ಹೇಳ್ತಿರ್ಲಿಲ್ಲ."

"ಕಾಕನ್ನ ಕೇಳು. ಅವರಿಗೆ ಗೊತ್ತುಂಟು."

"ಖಲಾಸ್, ಪೇಂಟರ್," ಎಂದ. ಟೋಪಿ ಹಾಕಿಕೊಂಡು ಹೋದ.

ಕಾಕ ಸಂಜೆ ಅವನನ್ನು ಕರೆದು ಕೂರಿಸಿ ನನ್ನ ಪರವಾಗಿ ಹೇಳಿ ನೋಡಿದರು. "ನೀನೂ ಅವನ ಊರಿನವನೇ," ಎಂದನಂತೆ. "ಎಂತ ಮಾಡುವುದು ಮಾರಾಯ್ರೆ," ಎಂದು ಕಾಕ ನನ್ನೆದುರು ಕೈ ತಿರುಗಿಸಿದರು. "ನೀವು ಸುಳ್ಳು ಹೇಳುವಾಗ ಸ್ವರ ಜೋರು ಇತ್ತು. ನಿಜ ಹೇಳುವಾಗ ಅಷ್ಟು ಇದ್ದಿರಲಿಕ್ಕಿಲ್ಲ."

ಆ ದಿನ ಉಸ್ತಾದ್ ಹೆಂಡತಿಗೆ ಒಳಗೇ ಇರಿ ಎಂದು ಹೇಳಿದ. ಯಾವುದು ಸರಿ ಎಂದು ಯಾರಿಗೂ ಗೊತ್ತಿಲ್ಲದಾಗ ಗೋಡೆ ದಪ್ಪ ಇದ್ದಲ್ಲಿ ಇರಿ ಎನ್ನುವುದು ಸಹಜ. ಮರುದಿನ ಬೆಳಿಗ್ಗೆ ಎಮ್ಮೆಗೆ ನೀರಿಡಲು ಅವಳು ಅಂಗಳಕ್ಕೆ ಬಂದಿದ್ದಾಗ ಶೆಲ್ಲು ಬಿತ್ತು. ಎಮ್ಮೆ ಸತ್ತಿತು. ಅವಳ ಎಡಗಾಲನ್ನು ಮಂಡಿಯಿಂದ ಕೆಳಗೆ ತೆಗೆಯಬೇಕಾಯಿತು. ಒಳಗಿದ್ದ ಮಕ್ಕಳಿಗೆ ಏನೂ ಆಗಲಿಲ್ಲ. ತೋಡಿನ ಹತ್ತಿರದ ಆ ಸಂಬಂಧಿಕರ ಮನೆಗೂ ಏನೂ ಆಗಲಿಲ್ಲ.

ಸುದ್ದಿ ಬಂದ ಮೇಲೂ ವಿಮಾನ ಶುರುವಾಗಿ ಟಿಕೆಟ್ ಸಿಗಲು ಅವನು ದಿನಗಟ್ಟಲೆ ಕಾದ. ಮನೆಗೆ ಹೋಗಲಾರದವನು ಗ್ಯಾರೇಜಿಗೆ ಬಂದು ತಗಡು ಬಡಿದ. ನಾನು ಅನ್ನ ಕಟ್ಟಿಸಿ ತಂದೆ, ತಿನ್ನಲಿಲ್ಲ. ಏರ್‌ಪೋರ್ಟಿಗೆ ನಾನೂ ಬರುತ್ತೇನೆ ಎಂದೆ, ಬೇಡವೆಂದ. ಜಗಳವಾಡಿದ್ದರೆ, ಎದೆಗೆ ಕೈ ಹಾಕಿ ತಳ್ಳಿದ್ದರೆ ನನಗೆ ಹಗುರಾಗುತ್ತಿತ್ತು. ಅವನು ಯಾರ ಮುಂದೆಯೂ ನನ್ನನ್ನು ಬೈಯಲಿಲ್ಲ. "ಅವನಿಗೆ ಗೊತ್ತಿತ್ತು, ಹೇಳಲಿಲ್ಲ, ಅವನ ಜಾಗದಲ್ಲಿ ಅದು ಸರಿ," ಎಂದು ಪಕ್ಕದ ಗ್ಯಾರೇಜಿನವರ ಹತ್ತಿರ ಹೇಳಿದ್ದನಂತೆ. ಲಾಹೋರಿನ ಮೆಕ್ಯಾನಿಕ್ ಅಂದಿನಿಂದ ನನ್ನನ್ನು ಕೆಣಕಲಿಲ್ಲ. ಗೌರವದಿಂದ ದಾರಿ ಬಿಡುತ್ತಿದ್ದ. ಆ ಗೌರವವನ್ನು ಎಲ್ಲಿಡಬೇಕೆಂದೇ ನನಗೆ ತಿಳಿಯುತ್ತಿರಲಿಲ್ಲ.

ನಾಲ್ಕು ತಿಂಗಳ ಮೇಲೆ ಅವನು ತಿರುಗಿ ಬಂದ. ನಮ್ಮಲ್ಲಿಗಲ್ಲ, ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಬಸ್ ರಿಪೇರಿ ಶೆಡ್ಡಿಗೆ. ಕಾಕನಿಂದ ಗೊತ್ತಾಗಿ ಒಂದು ಶುಕ್ರವಾರ ಹೋದೆ. ಮೊಬೈಲಿನಲ್ಲಿ ಅಕ್ಕನ ಮಗನ ಹತ್ತು ಫೋಟೋ ತುಂಬಿಸಿಕೊಂಡು ಹೋಗಿದ್ದೆ. ಲಾರಿಯ ಎದುರು ನಿಂತದ್ದು, ಗೋಣಿಗಳ ಮೇಲೆ ಕೂತದ್ದು, ಸ್ಟಿಯರಿಂಗ್ ಹಿಡಿದದ್ದು. ಉಸ್ತಾದನ ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಚಹಾ ತರಿಸಿದ. ಹೆಂಡತಿ ಹೇಗಿದ್ದಾಳೆ ಎಂದು ಕೇಳಿದೆ. ಕೋಲು ಹಿಡಿದು ಓಡಾಡುತ್ತಾಳೆ, ಪ್ಲಾಸ್ಟಿಕ್ ಕಾಲು ಇನ್ನೂ ಹಿಡಿಸಿಲ್ಲ ಎಂದ. ನಾನು ಫೋಟೋ ಒಂದೊಂದಾಗಿ ತೋರಿಸಿದೆ. ಅವನು ತಾಳ್ಮೆಯಿಂದ ಹತ್ತನ್ನೂ ನೋಡಿದ.

"ಚೆಂದ ಇದ್ದಾನೆ ಹುಡುಗ," ಎಂದ.

"ಈಗಾದರೂ ನಂಬ್ತೀಯಾ ಉಸ್ತಾದ್?"

ಅವನು ಲೋಟ ಕೆಳಗಿಟ್ಟ. "ಇವನು ಅಲ್ಲಿ ಇರ್ಲಿಲ್ಲ ಅಂತಾದ್ರೆ, ನಾನು ಯಾರನ್ನ ಅಂತ ದೂರ್ಲಿ, ಪೇಂಟರ್ ಭಾಯಿ? ರೊಟ್ಟಿ ತಿಂದು ಹೋದವರ ಹೆಸರು ನನಗೆ ಗೊತ್ತಿಲ್ಲ. ಶೆಲ್ಲು ಹಾಕಿದವನ ಮುಖ ಗೊತ್ತಿಲ್ಲ. ನಮ್ಮೂರಿಂದ ನಿಮ್ಮ ಕಡೆ ಹಾಕಿದವರು ಯಾರು ಅಂತ್ಲೂ ಗೊತ್ತಿಲ್ಲ. ನನ್ನ ಹೆಂಡತಿಗೆ ಬೈಲಿಕ್ಕೆ ಇವನೊಬ್ಬ ಅಂತ ಇದ್ದಾನೆ, ದಿನಾ ಬೈತಾಳೆ. ಅಷ್ಟಾದ್ರೂ ಇರ್ಲಿ ಬಿಡು."

ಆ ಫೆಬ್ರುವರಿಯಲ್ಲಿ ನಮ್ಮ ವಿಮಾನಗಳು ಹೋಗಿ ಹೊಡೆದದ್ದು ತಪ್ಪು ಎನ್ನಲು ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ. ಮಗನನ್ನು ಪೆಟ್ಟಿಗೆಯಲ್ಲಿ ಬರಮಾಡಿಕೊಂಡವರ ಮುಂದೆ ನಿಂತು ಸುಮ್ಮನಿರಿ ಎನ್ನಲು ನಾನು ಯಾರು? ಆದರೆ ಸರಿ ಎಂದು ಹೇಳಲು ಹೊರಟರೆ, ಕಫ್ತೇರಿಯಾದ ಬೆಂಚಿನಲ್ಲಿ ಹೊರಟಿದ್ದ ಆ ಸ್ವರ ಹೊರಡುವುದಿಲ್ಲ. ಕೇಳಿದವರಿಗೆ ನನಗೆ ಗೊತ್ತಿಲ್ಲ ಎನ್ನುತ್ತೇನೆ. ಓದದವನು, ಗೊತ್ತಿಲ್ಲದ್ದು ಸಹಜ ಎಂದು ಅವರು ಸುಮ್ಮನಾಗುತ್ತಾರೆ.

ಅಕ್ಕನ ಮಗ ಈಗಲೂ ಅದೇ ಡಿಪೋದಲ್ಲಿ ಲಾರಿ ಓಡಿಸುತ್ತಾನೆ. ಅವನು ನೋಡದ ಒಂದು ಕಲ್ಲಿನ ಮನೆಯಲ್ಲಿ ಅವನಿಗೆ ಶಾಪ ಹಾಕುವ ಹೆಂಗಸೊಬ್ಬಳಿದ್ದಾಳೆ. ಅದನ್ನು ಅವನಿಗೂ ಹೇಳಿಲ್ಲ, ಅಕ್ಕನಿಗೂ ಹೇಳಿಲ್ಲ. ಊರಿಗೆ ಹೋದಾಗ ಅಕ್ಕ ಕೇಳುತ್ತಾಳೆ, ಮಗನ ಬಗ್ಗೆ ಅಲ್ಲಿ ನಿನ್ನ ದೋಸ್ತಿಗಳ ಹತ್ತಿರ ಎಲ್ಲ ಹೇಳಿದ್ದೀಯಾ ಎಂದು. ಹೇಳಿದ್ದೇನೆ ಎನ್ನುತ್ತೇನೆ.