ಚಂದ ಮಾಡದ ಪ್ರಶ್ನೆ

ನನಗೆ ರೇಡಿಯೋದಲ್ಲಿ ಕೆಲಸ ಸಿಕ್ಕಿದ್ದು ನನ್ನ ಕನ್ನಡದಿಂದ. ಮನೆಯಲ್ಲಿ ನಾವು ಮಾತಾಡುವುದು ತುಳು. ಅಪ್ಪ ದೇವಸ್ಥಾನದ ಅರ್ಚಕರು. ಒಂದು ಅಕ್ಷರ ಜಾರಿದರೂ ಇಡೀ ಶ್ಲೋಕವನ್ನು ಮೊದಲಿನಿಂದ ಹೇಳಿಸುತ್ತಿದ್ದವರು. ಆ ಶಿಸ್ತಿನಲ್ಲಿ ನನ್ನ ಕನ್ನಡ ಇಸ್ತ್ರಿ ಹಾಕಿದ ಸೀರೆಯ ಹಾಗೆ ಆಯಿತು, ಎಲ್ಲೂ ಒಂದು ಸುಕ್ಕಿಲ್ಲ. ಎಷ್ಟು ಚಂದ ಮಾತಾಡ್ತೀರಿ ಎಂದು ಜನ ಹೊಗಳುವಾಗ ಬಹಳ ವರ್ಷ ಹಿಗ್ಗಿದವಳು ನಾನು. ಈಗ ಯಾರಾದರೂ ಹಾಗೆ ಹೊಗಳಿದರೆ ಸಿಟ್ಟು ಬರುತ್ತದೆ.

ನಮ್ಮದು ಫಳ್ನೀರಿನ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿರುವ ಸಣ್ಣ ರೇಡಿಯೋ. ಕೆಳಗೆ ರಕ್ತ ಪರೀಕ್ಷೆಯ ಲ್ಯಾಬ್. ವಾರಕ್ಕೆ ಒಬ್ಬರಾದರೂ ಮೆಟ್ಟಿಲು ತಪ್ಪಿ ಮೇಲೆ ಬಂದು, ತೋಳು ಮಡಚಿಕೊಂಡೇ, ರಿಪೋರ್ಟ್ ಆಗಿದೆಯಾ ಎಂದು ನನ್ನಲ್ಲಿ ಕೇಳುತ್ತಾರೆ. ಬೆಳಗ್ಗೆ ಎಂಟೂವರೆಗೆ ಅರ್ಧ ಗಂಟೆಯ ಸಂದರ್ಶನ, ನೇರ ಪ್ರಸಾರ. ಸೋಮವಾರ ಆರೋಗ್ಯ, ಬುಧವಾರ ರಾಜಕೀಯ, ಶುಕ್ರವಾರ ಪರಿಸರ. ಆರೋಗ್ಯಕ್ಕೆ ಅತಿಥಿಗಳ ಬರ ಇಲ್ಲ, ರಸ್ತೆ ದಾಟಿದರೆ ಡಾಕ್ಟರರೇ ಡಾಕ್ಟರರು. ರಾಜಕೀಯದವರನ್ನು ಕರೆಸುವುದು ಕಷ್ಟ. ಅದಕ್ಕೇ ನಮ್ಮಲ್ಲೊಂದು ಪದ್ಧತಿ ಬೆಳೆದಿತ್ತು: ಹಿಂದಿನ ದಿನವೇ ಪ್ರಶ್ನೆಗಳ ಪಟ್ಟಿಯನ್ನು ಅತಿಥಿಗೆ ಕಳಿಸಬೇಕು. ಅವರು ಒಂದೆರಡು ಹೊಡೆದು ಹಾಕುತ್ತಾರೆ, ನಾವು ತಲೆಯಾಡಿಸುತ್ತೇವೆ. ಕೊನೆಯಲ್ಲಿ ಒಂದು ಕೇಳುಗರ ಪ್ರಶ್ನೆ. ವಾಟ್ಸಾಪ್‌ಗೆ ಬಂದ ಧ್ವನಿಯನ್ನು ಕೇಳಿ, ಅದನ್ನು ನಾನು ಒಳ್ಳೆಯ ಕನ್ನಡಕ್ಕೆ ತಂದು ಓದುವುದು.

ನಮ್ಮ ನಿರ್ದೇಶಕರು ಹೋಟೆಲು ನಡೆಸುವ ಮನೆತನದವರು, ಗದ್ದೆ ತೋಟ ಇದ್ದ ಕುಟುಂಬ. ಒಳ್ಳೆಯ ಮನುಷ್ಯ. ಸ್ವಲ್ಪ ಖಾರದ ಪ್ರಶ್ನೆ ಕಂಡರೆ ಮೊದಲು ಲೈಸನ್ಸಿನ ಮಾತೆತ್ತುತ್ತಿದ್ದರು, ಆಮೇಲೆ ನಿಜವಾದ ಕಾರಣ ಹೇಳುತ್ತಿದ್ದರು: "ನಾಳೆ ಯಾರದ್ದೋ ಮದುವೆ ಊಟಕ್ಕೆ ಅವರ ಎದುರೇ ಕೂರ್ಲಿಕ್ಕುಂಟಲ್ಲ ಮಾರಾಯ್ರೆ." ಈ ಊರಿನಲ್ಲಿ ಎಲ್ಲರೂ ಎಲ್ಲರಿಗೂ ಎಲ್ಲೋ ಒಂದು ಕಡೆ ಸಂಬಂಧ. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಒಂದು ಬುಧವಾರ ಬೈಕಂಪಾಡಿ ಕಡೆಯ ಜನಪ್ರತಿನಿಧಿಯೊಬ್ಬರು ಬರುವವರಿದ್ದರು. ಹಿಂದಿನ ಸಂಜೆ ಅಲ್ಲಿಂದಲೇ ಒಬ್ಬ ಹೆಂಗಸಿನ ಧ್ವನಿ ಬಂತು, ತುಳುವಿನಲ್ಲಿ. ಕಾರ್ಖಾನೆಗಳ ಸಾಲಿನ ಹಿಂದೆ ಅವಳ ಮನೆ, ಮನೆಯ ಮುಂದೆಯೇ ಅವಳ ಗಂಜಿ ಊಟದ ಸಣ್ಣ ಅಂಗಡಿ. ವರ್ಕ್‌ಶಾಪಿನ ಹುಡುಗರು, ಲಾರಿಯವರು ಮಧ್ಯಾಹ್ನ ಅಲ್ಲಿ ಉಣ್ಣುತ್ತಾರೆ. ನಲ್ಲಿ ನೀರು ದಿನ ಬಿಟ್ಟು ದಿನ. ಬಾರದ ದಿನ ಬಾವಿಯೇ ಗತಿ. ಆ ಬಾವಿಯ ನೀರಿನ ಮೇಲೆ ಕೆಲವು ತಿಂಗಳಿಂದ ಎಣ್ಣೆಯಂಥ ಪದರ ಕಟ್ಟುತ್ತಿದೆ, ಬಟ್ಟೆಯಲ್ಲಿ ಸೋಸಿದರೂ ವಾಸನೆ ಹೋಗುವುದಿಲ್ಲ. ಎಲ್ಲಿಂದ ಬರುತ್ತದೆಂದು ಯಾರೂ ಹೇಳುವುದಿಲ್ಲ. ಕಚೇರಿಗೆ ಹೋದರೆ ನೋಡುತ್ತೇವೆ ಅನ್ನುತ್ತಾರೆ. ಕೊನೆಗೆ ಅವಳ ಪ್ರಶ್ನೆ: ಈ ನೀರಲ್ಲಿ ನಾನು ಗಂಜಿ ಬೇಯಿಸಬಹುದಾ, ಬೇಡವಾ? ಎರಡರಲ್ಲಿ ಒಂದು ಹೇಳಲಿ.

ನಾನು ಎಂತ ಮಾಡಿದೆ? ಮೈಕಿನ ಎದುರು ಕೂತು, ಅಪ್ಪನ ಮಗಳ ಹಾಗೆ, ಸ್ಪಷ್ಟವಾಗಿ ಓದಿದೆ: "ಕೈಗಾರಿಕಾ ಪ್ರದೇಶದ ಜಲಮೂಲಗಳ ಸಂರಕ್ಷಣೆಗೆ ಯಾವ ಕ್ರಮಗಳನ್ನು ಕೈಗೊಳ್ಳಲಾಗಿದೆ ಎಂದು ಕೇಳುಗರೊಬ್ಬರು ತಿಳಿಯಬಯಸಿದ್ದಾರೆ."

ಅತಿಥಿಗೆ ಹಬ್ಬ. ಯೋಜನೆ, ಸಮಿತಿ, ಪರಿಶೀಲನೆ ಎಂದು ಸಮಯ ಮುಗಿಯುವವರೆಗೆ ಮಾತಾಡಿದರು. ಹೋಗುವಾಗ ಬಹಳ ಅರ್ಥಪೂರ್ಣ ಪ್ರಶ್ನೆ ಮೇಡಮ್ ಅಂದರು. ನಾನು ಕೈ ಮುಗಿದೆ.

ಮರುದಿನ ಹತ್ತು ಗಂಟೆಗೆ ಅವಳು ಬಂದಳು. ಎಕ್ಸ್‌ಪ್ರೆಸ್ ಬಸ್ಸು ಹತ್ತಿ, ಪಂಪ್‌ವೆಲ್‌ನಲ್ಲಿ ಇಳಿದು, ಅಲ್ಲಿಂದ ದಾರಿ ಕೇಳುತ್ತಾ ನಡೆದುಕೊಂಡು ಬಂದಿದ್ದಳು. ನನಗಿಂತ ನಾಲ್ಕೈದು ವರ್ಷ ಚಿಕ್ಕವಳಿರಬೇಕು. ಲ್ಯಾಬಿಗೆ ಬಂದವಳೆಂದುಕೊಂಡು, ಕೆಳಗೆ ಹೋಗಿ ಎಂದೆ. ಅವಳು ಹೋಗಲಿಲ್ಲ. ನಿನ್ನೆ ರೇಡಿಯೋದಲ್ಲಿ ಮಾತಾಡಿದ ಅಕ್ಕ ನೀವೇನಾ ಎಂದು ಕೇಳಿದಳು, ನನಗೆ ಮರ್ಯಾದೆ ಕೊಟ್ಟು ಕನ್ನಡದಲ್ಲಿಯೇ. ಹೌದು ಎಂದೆ.

"ನೀವು ಕೇಳಿದ್ದು ಯಾರ ಪ್ರಶ್ನೆ ಅಕ್ಕ? ನನ್ನದಲ್ಲ ಅದು."

ನನಗೆ ಉರಿದುಹೋಯಿತು. ಇಷ್ಟು ವರ್ಷದ ಅನುಭವದವಳಿಗೆ ಪ್ರಶ್ನೆ ಕೇಳಲು ಕಲಿಸಲು ಬಂದಿದ್ದಾಳಲ್ಲ ಎಂದು. ರೇಡಿಯೋದಲ್ಲಿ ಹಾಗೆಲ್ಲ ಒರಟಾಗಿ ಕೇಳಲಾಗುವುದಿಲ್ಲ, ಅದಕ್ಕೊಂದು ಭಾಷೆ ಇದೆ, ನಿಮ್ಮ ಪ್ರಶ್ನೆಯನ್ನೇ ಸ್ವಲ್ಪ ಚಂದ ಮಾಡಿದ್ದೇನೆ ಎಂದೆ.

"ನನ್ನದು ಚಂದ ಇರ್ಲಿಲ್ಲ ಅಕ್ಕ, ಒಪ್ಪಿದೆ. ಆದ್ರೆ ಅದಕ್ಕೆ ಹೌದು, ಅಲ್ಲ ಅಂತ ಹೇಳ್ಲೇಬೇಕಿತ್ತು. ನಿಮ್ಮದಕ್ಕೆ ಎಂತ ಹೇಳಿದ್ರೂ ನಡೀತದೆ."

ಅಷ್ಟು ಹೇಳಿ ಅವಳು ನೀರು ಕೂಡ ಕೇಳದೆ ಮೆಟ್ಟಿಲಿಳಿದಳು, ಮಧ್ಯಾಹ್ನದ ಊಟಕ್ಕೆ ಒಲೆ ಹಚ್ಚಬೇಕಿತ್ತು. ನಾನು ಕೂತಲ್ಲಿಂದ ಏಳಲಿಲ್ಲ. ನಾಚಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಹಳೆಯ ಸ್ಕ್ರಿಪ್ಟುಗಳನ್ನು ತೆಗೆದು ನೋಡಿದೆ. ಆಸ್ಪತ್ರೆಯ ಬಾಗಿಲಲ್ಲಿ ಕಾದು ಕಾದು ಸಾಕಾದವನ ಸಿಟ್ಟು ನನ್ನ ಬಾಯಲ್ಲಿ "ಸೇವಾ ಗುಣಮಟ್ಟ" ಆಗಿತ್ತು. ತನ್ನ ಮನೆ ಮುಂದಿನ ಮರ ಕಡಿದರೆಂದು ಅತ್ತವಳ ಮಾತು "ಹಸಿರು ಹೊದಿಕೆ" ಆಗಿತ್ತು. ಯಾರೂ ನನಗೆ ಹಾಗೆ ಮಾಡು ಎಂದಿರಲಿಲ್ಲ. ನಿರ್ದೇಶಕರು ಹೊಡೆದು ಹಾಕುವ ಮೊದಲೇ ನಾನೇ ಪ್ರಶ್ನೆಯ ಹಲ್ಲು ಕಿತ್ತು ಕೊಡುತ್ತಿದ್ದೆ.

ಸುಲಭದ ಪ್ರಶ್ನೆಯ ರುಚಿ ಹತ್ತಿದ ಅದೇ ಅತಿಥಿ ತಿಂಗಳೊಳಗೆ ಮತ್ತೆ ಬಂದರು, ಈ ಸಲ ಶುಕ್ರವಾರ, ಗಿಡ ನೆಡುವ ಬಗ್ಗೆ ಮಾತಾಡಲು. ಪಟ್ಟಿ ಕಳಿಸಿದೆ. ಕೊನೆಯಲ್ಲಿ ಎಂದಿನಂತೆ "ಕೇಳುಗರ ಪ್ರಶ್ನೆ" ಎಂದಷ್ಟೇ ಇತ್ತು. ಅದನ್ನು ಯಾರೂ ಹೊಡೆದು ಹಾಕುವುದಿಲ್ಲ, ನನ್ನ ಕನ್ನಡದ ಮೇಲೆ ಎಲ್ಲರಿಗೂ ಅಷ್ಟು ಭರವಸೆ.

ಆ ದಿನ ನಾನು ಓದಲಿಲ್ಲ. ಬೈಕಂಪಾಡಿಯವಳು ಅಂದು ಕಳಿಸಿದ್ದ ಧ್ವನಿಯನ್ನೇ ಹಾಕಿದೆ, ತುಳುವಿನಲ್ಲಿ, ಹಿಂದೆ ಕೇಳುತ್ತಿದ್ದ ಲಾರಿಯ ಹಾರನ್ ಸಮೇತ. ಗಾಜಿನ ಆಚೆ ನಿರ್ದೇಶಕರು ಎದ್ದು ನಿಂತು ಎರಡು ಬೆರಳಲ್ಲಿ ಕತ್ತರಿ ತೋರಿಸಿದರು. ನಾನು ಬೇರೆ ಕಡೆ ನೋಡಿದೆ. ಅತಿಥಿಗೆ ಅರ್ಥವಾಗಲಿಲ್ಲ ಎನ್ನುವ ಹಾಗಿಲ್ಲ, ಅವರು ಮತ ಕೇಳುವುದೂ ತುಳುವಿನಲ್ಲಿಯೇ. ಸಮಿತಿಯ ಮಾತು ಶುರು ಮಾಡಿದರು. ಬೇಯಿಸಬಹುದಾ, ಬೇಡವಾ ಎಂದೆ. ಯೋಜನೆಗೆ ಬಂದರು. ಮತ್ತೆ ಅದನ್ನೇ ಕೇಳಿದೆ. ಮೂರನೇ ಸಲ ಕೇಳಿದಾಗ ಅವರ ಮುಖ ಕೆಂಪಾಯಿತು. ಬೇಯಿಸಿ ಎಂದರೆ ನಾಳೆ ಯಾರಿಗಾದರೂ ಏನಾದರೂ ಆದೀತೆಂದು ಅವರಿಗೂ ಹೊಳೆದಿರಬೇಕು.

"ಬೇಡ," ಅಂದರು. "ಸದ್ಯಕ್ಕೆ ಬೇಡ."

ಚಹಾ ಕುಡಿಯದೆ ಹೋದರು. ನಿರ್ದೇಶಕರು ಕೂಗಾಡುವವರಲ್ಲ. ಕ್ಷಮೆ ಕೇಳಿ ಒಂದು ಪತ್ರ ಬರೆದು ಕೊಡಿ ಎಂದರು. ಬರೆಯುವುದಿಲ್ಲ ಎಂದೆ. ಎಂತಕ್ಕೆ ಕ್ಷಮೆ, ಒಂದು ಉತ್ತರ ಸಿಕ್ಕಿದ್ದಕ್ಕಾ ಎಂದು ಕೇಳಿದೆ. ಅವರು ಬುಧವಾರವನ್ನೂ ಶುಕ್ರವಾರವನ್ನೂ ನನ್ನಿಂದ ತೆಗೆದರು. ಸೋಮವಾರ ಮಾತ್ರ ಉಳಿಯಿತು: ಸಕ್ಕರೆ ಕಾಯಿಲೆ, ಮಂಡಿ ನೋವು, ಮಳೆಗಾಲದ ಜ್ವರ.

ಒಂದು ವಾರ ಬಿಟ್ಟು ಭಾನುವಾರ ಬೈಕಂಪಾಡಿಗೆ ಹೋದೆ. ಅವಳು ಖುಷಿಯಲ್ಲಿರುತ್ತಾಳೆ ಎಂದೇ ನನ್ನ ಲೆಕ್ಕ. ಅಂಗಡಿಯ ಬೆಂಚುಗಳನ್ನು ಮಗುಚಿ ಒಂದರ ಮೇಲೊಂದು ಇಟ್ಟಿದ್ದಳು. ಒಲೆಯಲ್ಲಿ ಬೂದಿ ಕೂಡ ಇರಲಿಲ್ಲ. ಬೇಡ ಎಂದು ಆ ಅತಿಥಿ ಹೇಳಿದ್ದನ್ನು ಉಣ್ಣುವವರೂ ಕೇಳಿದ್ದರು. ಮರುದಿನವೇ ಅರ್ಧದಷ್ಟು ಜನ ಬರಲಿಲ್ಲ. ಉಳಿದವರಿಗೆ ಬಡಿಸಲು ಅವಳಿಗೇ ಮನಸ್ಸಾಗಲಿಲ್ಲ. ನಲ್ಲಿ ನೀರು ಮನೆಗೇ ಸಾಲದು.

ನಾನು ಮಹಾ ಶೂರಳ ಹಾಗೆ ಮೂರು ಸಲ ಕೇಳಿದ್ದೆ, ಒಲೆ ಆರಿದ್ದು ಇವಳದ್ದು. ನನ್ನಿಂದ ಹೀಗಾಯಿತು ಎಂದು ಏನೋ ತೊದಲಿದೆ.

"ಪಾಪ ಅಂತ ನೋಡ್ಬೇಡಿ ಅಕ್ಕ," ಅಂದಳು. "ಕೇಳಿದ್ದು ನಾನು. ಬೇಡ ಅಂತ ಮೊದ್ಲೇ ಗೊತ್ತಿತ್ತು ನನಗೆ. ಗೊತ್ತಿದ್ದೂ ಬಡಿಸ್ತಾ ಇದ್ದೆ, ರಾತ್ರಿ ನಿದ್ರೆ ಇರ್ಲಿಲ್ಲ. ಈಗ ನಿದ್ರೆ ಬರ್ತದೆ, ಅನ್ನ ಇಲ್ಲ."

ನನಗೆ ಅಳು ಬಂತು. ಅವಳಿಗೆ ಬರಲಿಲ್ಲ. ಮೊಬೈಲು ತೆಗೆದು, ಇನ್ನೊಂದು ಪ್ರಶ್ನೆ ಉಂಟು, ಈಗಲೇ ಹೇಳುತ್ತೇನೆ, ಚಂದ ಮಾಡಬೇಡಿ ಎಂದು ನನ್ನೆದುರೇ ಮಾತಾಡಿ ಕಳಿಸಿದಳು. ನಾನು ಬುಧವಾರ ಹೋಯಿತು, ಶುಕ್ರವಾರ ಹೋಯಿತು ಎಂದೆ. ಸೋಮವಾರ ಎಂತ ಎಂದು ಕೇಳಿದಳು. ಆರೋಗ್ಯ ಎಂದೆ. ಅವಳು ನನ್ನನ್ನೇ ನೋಡಿದಳು. ಬಾವಿಯ ನೀರು ಆರೋಗ್ಯವಲ್ಲದೆ ಮತ್ತೆಂತ!

ಮುಂದಿನ ವಾರ ಆರೋಗ್ಯ ಇಲಾಖೆಯ ಅಧಿಕಾರಿಯೊಬ್ಬರನ್ನು ಒಪ್ಪಿಸಿ, ಭಾನುವಾರ ಪಟ್ಟಿ ಕಳಿಸಿದೆ. ನಿರ್ದೇಶಕರು ಫೋನ್ ಮಾಡಿದರು. ಪಟ್ಟಿಯಲ್ಲಿ "ಕೇಳುಗರ ಪ್ರಶ್ನೆ" ಎಂದು ಒಂದೇ ಸಾಲು ಇದೆ, ಬಾಕಿ ಎಲ್ಲಿ, ಅರ್ಧ ಗಂಟೆ ಎಂತ ಮಾಡುತ್ತೀರಿ ಎಂದು ಕೇಳಿದರು. ಉತ್ತರ ಸಿಗುವವರೆಗೆ ಅದನ್ನೇ ಕೇಳುತ್ತೇನೆ ಸರ್, ಬೇಡವಾದರೆ ಸೋಮವಾರವನ್ನೂ ತೆಗೆದುಕೊಳ್ಳಿ ಎಂದೆ. ಅವರು ಫೋನ್ ಇಟ್ಟರು. ಬೇಡ ಎನ್ನಲಿಲ್ಲ.

ಸೋಮವಾರ ಎಂಟೂವರೆಗೆ ಕೆಂಪು ದೀಪ ಹತ್ತಿತು. ಅತಿಥಿ ಯಾರೆಂದು ಹೇಳಿ, ಎಂದಿನ ಪೀಠಿಕೆ ಬಿಟ್ಟು, ಅವಳ ಧ್ವನಿ ಹಾಕಿದೆ: ಆ ನೀರು ಬೇಡ ಅಂತ ನಿಮ್ಮವರೇ ಹೇಳಿದ್ದಾರೆ, ಒಪ್ಪಿದೆ, ಹಾಗಾದರೆ ನಾಳೆ ಬೆಳಗ್ಗೆ ನಾನು ಯಾವ ನೀರಿಟ್ಟು ಒಲೆ ಹಚ್ಚಲಿ?

ಅಧಿಕಾರಿಯವರು ಗಂಟಲು ಸರಿಮಾಡಿಕೊಂಡರು, ಮುಂದಿದ್ದ ಹಾಳೆಯ ಹಿಂಬದಿ ತಿರುಗಿಸಿ ನೋಡಿದರು, ಕೊನೆಗೆ ಗೋಡೆಯ ಗಡಿಯಾರ ನೋಡಿದರು.

"ಇನ್ನೂ ಇಪ್ಪತ್ತೆಂಟು ನಿಮಿಷ ಉಂಟು ಸರ್," ಎಂದೆ.