ಕ್ಲೌಡಿಗೆ ಕಾವಲು ನಿಂತ ನಿಜಗುಣ

ಕಡಲಾಚೆಯ ಥಾರ್ನ್‌ಹಿಲ್ಲಿನಲ್ಲಿ ಕನ್ನಡ ಸಂಘದ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ನಿಜಗುಣನಿಗೆ ಸಂಘದ ಫೋಟೊ, ವಿಡಿಯೊಗಳೆಲ್ಲ ಕ್ಲೌಡಿನಲ್ಲಿ ಜಗತ್ತಿಗೇ ತೆರೆದಿರಬೇಕು, ಆದರೆ ಯಾರೂ ಡೌನ್‌ಲೋಡ್ ಮಾಡಬಾರದು. ಮಾಡಿದಷ್ಟೂ ಸಂಘಕ್ಕೆ ಬಿಲ್ಲು. "ನೋಡ್ರಿ, ಬ್ಯಾಡ ಅನ್ನಂಗಿಲ್ಲ. ಡೌನ್‌ಲೋಡ್ ಯಾಕ ಮಾಡ್ತೀರಿ?" ಎಂದು ಊಟದ ಪಂಕ್ತಿಯಲ್ಲೂ ಗದರುತ್ತಾನೆ. ಅಧ್ಯಕ್ಷರ ಭಾಷಣದ ವಿಡಿಯೊವನ್ನು ಅವರ ಹೆಂಡತಿಗೂ ಗುರುತು ಸಿಗದಷ್ಟು ಕುಗ್ಗಿಸಿಟ್ಟಿದ್ದಾನೆ. ಪ್ರತಿ ಫೈಲಿಗೂ ಮಿತಿ ಹಾಕಿದ್ದಾನೆ. ದಾಟಿದರೆ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ. ಮಿತಿಯಿಲ್ಲದ್ದು ಒಂದೇ: ತೀರಿಹೋದ ಅವನ ಅವ್ವ ನಾಗವ್ವ ಅಡುಗೆಮನೆಯಲ್ಲಿ, ಕುಕ್ಕರ್ ಸೀಟಿಯ ನಡುವೆ ಹಾಡಿದ ಸೋಬಾನೆ. ಅದರ ಖರ್ಚು ಅವನ ಸ್ವಂತದ್ದು. ಅದನ್ನು ಯಾರೋ ನ್ಯೂಮಾರ್ಕೆಟ್‌ನಿಂದ ದಿನಾ ಕೇಳುತ್ತಾರೆಂದು ಕ್ಲೌಡಿನ ಲೆಕ್ಕ ತೋರಿಸುತ್ತದೆ. ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಮಗಳು ಸೌಮ್ಯಾ ಇರುವುದು ಅಲ್ಲೇ. ಆ ಹಾಡಿನ ಖರ್ಚು ಹೆಚ್ಚಿತೆಂದು ಫೋನು ಎಚ್ಚರಿಸಿದಾಗ ನಿಜಗುಣ ಆ ಫೋನಿಗೇ, ಮಗಳಿಗೆಂಬಂತೆ, ಹೇಳುತ್ತಾನೆ: "ಇನ್ನೊಮ್ಮಿ ಕೇಳವ್ವಾ, ಬಿಲ್ಲ ನಾ ನೋಡ್ಕೋತೀನಿ."