ಎಬ್ಬಿಸುವ ಫೋನು

ಹತ್ತನೇ ಕ್ಲಾಸಿನ ಫಲಿತಾಂಶ ಏರಬೇಕೆಂದು ಪ್ರತಿ ವರ್ಷ ಮೇಲಿನಿಂದ ಒಂದಲ್ಲ ಒಂದು ಆದೇಶ ಬರುತ್ತದೆ. ಆ ವರ್ಷ ಬಂದದ್ದು ಹೀಗೆ: ಹಿಂದುಳಿದ ಮಕ್ಕಳನ್ನು ಶಿಕ್ಷಕರು ದತ್ತು ತೆಗೆದುಕೊಳ್ಳಬೇಕು, ಬೆಳಗಿನ ಐದಕ್ಕೆ ಫೋನು ಮಾಡಿ ಅವರನ್ನು ಓದಲು ಎಬ್ಬಿಸಬೇಕು. "ನಮ್ಮನೆ ಮಕ್ಕಳನ್ನ ಎಬ್ಸೂದೇ ಸಾಕಾಗ್ತದೆ, ಇನ್ನು ಊರವ್ರ ಮಕ್ಕಳು ಬೇರೆ" ಎಂದು ಗಣಿತದ ಮಾಸ್ತರು ಗೊಣಗಿದರು. ನಾನೂ ಗೊಣಗಿದೆ. ಗೊಣಗದಿದ್ದರೆ ಈಕೆಗೇನು, ಮನೆಯೇ ಮಠವೇ ಎಂದುಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಖುಷಿಯಾಗಿತ್ತು.

ನಾನು ಕಾರವಾರದವಳು. ಮದುವೆಯಾಗಲಿಲ್ಲ. ಅಂಕೋಲೆಯಲ್ಲಿ ಅಂಗಡಿಯೊಂದರ ಮಾಳಿಗೆಯಲ್ಲಿ ಬಾಡಿಗೆಗಿದ್ದೇನೆ. ಅಮ್ಮ ಇರುವ ತನಕ ಪ್ರತಿ ಶನಿವಾರ ಬಸ್ಸು ಹಿಡಿದು ಊರಿಗೆ ಓಡುತ್ತಿದ್ದೆ. ಈಗಲೂ ಅಣ್ಣನ ಮನೆಯವರು ನನ್ನನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ, ನೆಂಟರನ್ನು ನೋಡಿಕೊಂಡ ಹಾಗೆ. ಹಾಗಾಗಿ ಹೋಗುವುದು ಕಡಿಮೆಯಾಗಿದೆ. ಶಾಲೆಯ ಗೇಟು ದಾಟಿದ ಮೇಲೆ ಮರುದಿನದ ಪ್ರಾರ್ಥನೆಯವರೆಗೆ ನಾನು ಬಾಯಿಬಿಟ್ಟು ಮಾತಾಡುವುದು ಮೀನು ಮಾರುವವಳ ಜೊತೆ ಚೌಕಾಸಿಗೆ ಮಾತ್ರ. ಅದೂ ಅವಳು ಬಂದ ದಿನ.

ನನ್ನ ಪಾಲಿಗೆ ಬಂದ ಮಕ್ಕಳಲ್ಲಿ ಭಾವಿಕೇರಿಯ ಹುಡುಗಿಯೊಬ್ಬಳಿದ್ದಳು. ಉಳಿದೆಲ್ಲ ವಿಷಯದಲ್ಲಿ ಜಾಣೆ. ನಾನು ಕಲಿಸುವ ಇಂಗ್ಲಿಷಿನಲ್ಲಿ ಮಾತ್ರ, ಅದರಲ್ಲೂ ಸ್ವಂತವಾಗಿ ಬರೆಯುವ ಪ್ರಶ್ನೆಗಳಲ್ಲಿ, ಸೊನ್ನೆ. ಪತ್ರ, ಪ್ರಬಂಧ ಎಲ್ಲ ಗಿಣಿಪಾಠ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಮುಖ್ಯಾಧ್ಯಾಪಕರಿಗೆ ರಜೆ ಚೀಟಿ ಬರೆಯಿರಿ ಎಂದಿದ್ದರೆ, ಪ್ರವಾಸಕ್ಕೆ ಹೋಗಲು ಅಪ್ಪನ ಅನುಮತಿ ಕೇಳುವ ಪತ್ರ ಬರೆದಿಟ್ಟಿದ್ದಳು. ಅವಳಿಗೆ ಬಾಯಿಪಾಠವಾಗಿದ್ದ ಪತ್ರ ಅದೊಂದೇ. ಈ ಸಲ ಫೇಲಾದರೆ ಮರುಪರೀಕ್ಷೆ ಗಿರುಪರೀಕ್ಷೆ ಇಲ್ಲ, ಮಾಜಾಳಿಯ ಚಿಕ್ಕಮ್ಮನ ಜೊತೆ ಗೋವೆಗೆ ಕೆಲಸಕ್ಕೆ ಹೋಗುವುದು ಎಂದು ಅವಳ ಮನೆಯಲ್ಲಿ ತೀರ್ಮಾನವಾಗಿತ್ತು. ಅದನ್ನು ಅವಳೇ ನನಗೆ ಹೇಳಿದ್ದಳು, ಅಳದೆ, ನಾಳೆ ರಜೆ ಎನ್ನುವಷ್ಟು ಸಲೀಸಾಗಿ.

ಬರೀ ಎಬ್ಬಿಸಿದರೆ ಸಾಲದು ಎಂದು ನಾನೊಂದು ಉಪಾಯ ಹೂಡಿದೆ. ಫೋನಿನಲ್ಲೇ ಅವಳು ತನ್ನ ಬಗ್ಗೆ ನಾಲ್ಕು ಮಾತು ಇಂಗ್ಲಿಷಿನಲ್ಲಿ ಹೇಳಬೇಕು. ಬಾಯಿಗೆ ಬಂದದ್ದು ಮುಂದೆ ಕೈಗೂ ಬಂದೀತು ಎಂಬ ಆಸೆ. ನಾನು "ಎದ್ದೆಯಾ?" ಎನ್ನುತ್ತಿದ್ದೆ. ಅವಳು ಉದ್ದಕ್ಕೆ ಆಕಳಿಸಿ, "ಈಗ ಎದ್ದೆ ಟೀಚರ್" ಎನ್ನುತ್ತಿದ್ದಳು. ಆಮೇಲೆ, "ಐ ಗಾಟ್ ಅಪ್. ಐ ವಾಶ್ಡ್ ಮೈ ಫೇಸ್." ಮುಗಿಯಿತು. ದಿನವೂ ಅಷ್ಟೇ. ನಾನು ರೇಗುತ್ತಿದ್ದೆ. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡವಳು ನಾನು, ಫೋನಿನಲ್ಲೂ ಬಿಡಲಿಲ್ಲ. ಆದರೂ ಹಿಂದಿನ ರಾತ್ರಿ ಮಲಗುವಾಗಲೇ ನಾಳೆ ಅವಳಿಗೆ ಏನು ಕೇಳಲಿ ಎಂದು ಯೋಚಿಸುತ್ತಿದ್ದೆ. ಬೆಳಗಾಗುವುದನ್ನು ಹಾಗೆ ಕಾದು ಎಷ್ಟೋ ಕಾಲವಾಗಿತ್ತು.

ಒಂದು ಭಾನುವಾರ ಪೇಟೆಯಲ್ಲಿ ಹರಿವೆ ಸೊಪ್ಪು ನೋಡುತ್ತ ನಿಂತಿದ್ದೆ. ಮಾರುತ್ತಿದ್ದ ಹೆಂಗಸು ನನ್ನ ಮುಖ ನೋಡಿ ನಕ್ಕಳು. ಆ ಹುಡುಗಿಯ ತಾಯಿ.

"ಅಕ್ಕೋರೆ, ನಿಮ್ಮ ಫೋನ್ ಬರೂ ಹೊತ್ತಿಗೆ ನಂಗೆ ಬುಟ್ಟಿ ಎತ್ತೂಕೂ ಬಿಡೂದಿಲ್ಲ ಅದು. ಸದ್ದು ಮಾಡ್ಬೇಡ, ಟೀಚರ್ ನನ್ನ ಎಬ್ಸೂಕೆ ಬಾಕಿ ಅದೆ ಹೇಳ್ತದೆ."

"ಅವಳು ಮಲಗಿರುವುದಿಲ್ಲವಾ?"

"ಎಲ್ಲಿ ಮಲ್ಗೂದು. ನನ್ಕಿಂತಾ ಮುಂಚೆ ಏಳ್ತದೆ. ನೀರು ತಂದು, ಸೊಪ್ಪು ಕಟ್ಟಿ, ಓದೂಕೆ ಕೂತಾಗಿರ್ತದೆ."

"ಹಾಗಾದರೆ ಎದ್ದಾಗಿದೆ ಅಂತ ಹೇಳಬಹುದಿತ್ತಲ್ಲ."

"ನಾನೂ ಅದೇ ಹೇಳ್ದೆ. ಎದ್ದಾಯ್ತು ಅಂದ್ರೆ ನಾಳಿಂದ ಫೋನ್ ಮಾಡೂದಿಲ್ಲ ಆಯಿ, ಟೀಚರ್‌ಗೆ ಮನೇಲಿ ಮಾತಾಡೂಕೆ ಯಾರೂ ಇಲ್ಲ ಅಂತು." ಹೇಳಿದ ಮೇಲೆ ಅವಳಿಗೇ ತಪ್ಪಾಯಿತೆನಿಸಿರಬೇಕು, ಕೇಳದಿದ್ದರೂ ಒಂದು ಕಟ್ಟು ಜಾಸ್ತಿ ಹಾಕಿದಳು.

ನನಗೆ ಕೆಟ್ಟ ಸಿಟ್ಟು ಬಂತು. ನನ್ನ ಮೇಲೆ ಕನಿಕರಪಡಲು ಅವಳ್ಯಾರು, ರಜೆ ಚೀಟಿ ಬರೆಯಲು ಬರದವಳು? ಮನೆಗೆ ಬಂದು ಸೊಪ್ಪು ಸೋಸುತ್ತ ಕೂತೆ. ಸೋಸುತ್ತ ಸೋಸುತ್ತ ಅಳು ಬಂತು. ನಾನು ಒಂಟಿ ಎನ್ನುವುದು ನನಗೆ ಮಾತ್ರ ಗೊತ್ತು ಎಂದುಕೊಂಡಿದ್ದೆ. ಇಡೀ ಕ್ಲಾಸಿಗೆ ಗೊತ್ತಿತ್ತೋ ಏನೋ.

ಮರುದಿನ ಫೋನು ಮಾಡಬಾರದು ಎಂದೇ ಇದ್ದೆ. ಆದರೆ ಪರೀಕ್ಷೆ ಹತ್ತಿರ ಬಂದಿತ್ತು, ನನ್ನ ಮಾನಕ್ಕಿಂತ ಅವಳ ಪಾಸು ದೊಡ್ಡದು. ಮಾಡಿದೆ. "ಎದ್ದೆಯಾ" ಎಂದು ಕೇಳಲಿಲ್ಲ. "ಇಷ್ಟು ಹೊತ್ತಿಗೆ ಏನೇನು ಕೆಲಸ ಮಾಡಿದೆ, ಇಂಗ್ಲಿಷಿನಲ್ಲಿ ಹೇಳು" ಎಂದೆ.

ಆಕಳಿಕೆ ಬರಲಿಲ್ಲ. ದನಿ ತಗ್ಗಿಸಿ ಕೇಳಿದಳು: "ಆಯಿ ಹೇಳ್ಬಿಡ್ತಾ?"

"ಹೇಳಿದಳು. ನೀನು ಹೇಳು."

"ಸೊಪ್ಪಿಗೆ ಎಂತ ಹೇಳೂದು ಟೀಚರ್?"

ಹೇಳಿಕೊಟ್ಟೆ. ಅವಳು ಸೊಪ್ಪು ಕಟ್ಟಿದ್ದನ್ನು ಹೇಳಿದಳು, ನೀರು ತಂದದ್ದನ್ನು ಹೇಳಿದಳು. ಹಿಂದಿನ ದಿನ ಬಸ್ಸು ತಡವಾದ ವಿಷಯಕ್ಕೆ ಬಂದಳು. "ಮೈ ಮದರ್ ವಾಸ್ ಆಂಗ್ರಿ ವಿತ್ ದಿ ಬಸ್" ಎಂದಳು. ಯಾವ ಗೈಡಿನಲ್ಲೂ ಇಲ್ಲದ ವಾಕ್ಯ. ನಾನು ನಕ್ಕೆ, ಅವಳೂ ನಕ್ಕಳು. ಇಷ್ಟು ದಿನ ನಿದ್ದೆಯಿಂದೆದ್ದವಳ ವೇಷ ಹಾಕಿಕೊಂಡು ಹೇಳಲು ಅವಳ ಹತ್ತಿರ ಏನೂ ಇರಲಿಲ್ಲ, ಪಾಪ. ವೇಷ ಕಳಚಿದ ಮೇಲೆ ಮಾತಿಗೆ ಬರವಿರಲಿಲ್ಲ. ಬೆಳಿಗ್ಗೆ ಹೇಳಿದ್ದನ್ನು ಬರೆದು ಶಾಲೆಗೆ ತಾ ಎಂದೆ, ತಂದಳು. ಪರೀಕ್ಷೆಯವರೆಗೂ ಹಾಗೆಯೇ ನಡೆಯಿತು.

ಇಂಗ್ಲಿಷ್ ಪರೀಕ್ಷೆಯ ದಿನ ಇಂಗ್ಲಿಷ್ ಶಿಕ್ಷಕರಿಗೆ ಕೊಠಡಿ ಮೇಲ್ವಿಚಾರಣೆಯ ಕೆಲಸ ಕೊಡುವುದಿಲ್ಲ. ಅವಳು ಅಲ್ಲಿ ಬರೆಯುತ್ತಿದ್ದರೆ ನಾನು ಇಲ್ಲಿ ಮನೆಯಲ್ಲಿ ಒಮ್ಮೆ ಒರೆಸಿದ ನೆಲವನ್ನೇ ಮತ್ತೆ ಒರೆಸಿದೆ. ಪರೀಕ್ಷೆಗಳೆಲ್ಲ ಮುಗಿದವು. ಫೋನು ಮಾಡಲು ಕಾರಣ ಉಳಿಯಲಿಲ್ಲ. ಎಚ್ಚರ ಮಾತ್ರ ಅದೇ ಹೊತ್ತಿಗೆ ಆಗುತ್ತಿತ್ತು.

ಫಲಿತಾಂಶ ಬಂತು. ಅವಳು ಪಾಸಾಗಿದ್ದಳು, ಇಂಗ್ಲಿಷಿನಲ್ಲೂ. ಇಶಾಡು ಮಾವಿನಹಣ್ಣಿನ ಚೀಲ ಹಿಡಿದು ತಾಯಿಯ ಜೊತೆ ಮಾಳಿಗೆ ಹತ್ತಿ ಬಂದಳು. ಕಾರವಾರದ ಕಾಲೇಜಿಗೆ ಸೇರುತ್ತಾಳಂತೆ, ಹಾಸ್ಟೆಲಿನಲ್ಲಿ ಇರುತ್ತಾಳಂತೆ. ನಾನು ಚಹಾ ಮಾಡಿದೆ. ತಾಯಿ ಮಾತಾಡುತ್ತಲೇ ಇದ್ದಳು. ಹುಡುಗಿ ನನ್ನ ಒಂದೇ ಕೋಣೆಯನ್ನು, ಒಂದೇ ಕುರ್ಚಿಯನ್ನು ನೋಡುತ್ತ ಕೂತಿದ್ದಳು. ಹೊರಡುವಾಗ ಮೆಟ್ಟಿಲ ಹತ್ತಿರ ನಿಂತು ಮೆಲ್ಲಗೆ ಕೇಳಿದಳು:

"ಈಗ ಬೆಳಿಗ್ಗೆ ಯಾರನ್ನ ಎಬ್ಸ್ತ್ರಿ ಟೀಚರ್?"

"ಇದ್ದಾರಲ್ಲ, ಬೇಕಾದಷ್ಟು ಮಕ್ಕಳು" ಎಂದೆ.

ಶಾಲೆ ಶುರುವಾಗಲು ಇನ್ನೂ ತುಂಬ ದಿನವಿದೆ ಎಂದು ಅವಳಿಗೂ ಗೊತ್ತಿತ್ತು. "ಹೌದಲ್ಲ" ಎಂದು ತಲೆಯಾಡಿಸಿದಳು. ನನಗಾಗಿ ಗೊತ್ತಿಲ್ಲದವಳ ಹಾಗೆ ಇರುವುದು ಅವಳಿಗೆ ರೂಢಿಯಾಗಿತ್ತು.